ಪಾಯದ ಗುಂಡಿಯ ಪಕ್ಕ ಒಬ್ಬರು ನಿಲ್ಲಲಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿ 19 ವರ್ಷಗಳಿಂದ ಸೈಟ್ ಸೂಪರ್‌ವೈಸರ್ ಆಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಚಂದ್ರವಳ್ಳಿ ಕಡೆಯ ಒಂದು ಮನೆಗೆ ಪಾಯ ತೆಗೆಸುತ್ತಿದ್ದೆ. ಐದಡಿ ಇಳಿದ ಮೇಲೆ ಕೆಂಪು ಮಣ್ಣು ಮುಗಿದು ಬೂದಿ ಬಣ್ಣದ ಪದರ ಬಂತು. ಜೆಸಿಬಿ ಬಕೆಟ್ಟಿನಲ್ಲಿ ಮಡಕೆ ಚೂರುಗಳು. ಹೊರಮೈ ಕೆಂಪು, ಒಳಗೆ ಮತ್ತು ಬಾಯಂಚಿನಲ್ಲಿ ಕಪ್ಪು, ಮುಟ್ಟಿದರೆ ಎಣ್ಣೆ ಸವರಿದಷ್ಟು ನುಣುಪು. ಆಪರೇಟರ್ ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ. ‘ನಡಿ, ನಿಲ್ಲಿಸಬೇಡ’ ಎಂದವನು ನಾನೇ. ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ, ಮರುದಿನ ಬೆಳಗ್ಗೆ ಬೆಡ್ ಕಾಂಕ್ರೀಟ್. ಸಂಜೆಯೊಳಗೆ ಆರು ಟಿಪ್ಪರ್ ಮಣ್ಣು ಯಾವುದೋ ಬಡಾವಣೆಯ ತಗ್ಗು ತುಂಬಲು ಹೋಯಿತು.

ಮಗಳಿಗೆ ತೋರಿಸೋಣವೆಂದು ಒಂದು ಚೂರನ್ನು ಜೇಬಿಗೆ ಹಾಕಿಕೊಂಡಿದ್ದೆ. ಅವಳು ಅದನ್ನು ಶಾಲೆಗೆ ಒಯ್ದಳು. ಎರಡು ದಿನ ಬಿಟ್ಟು ಅವಳ ಇತಿಹಾಸದ ಮೇಷ್ಟ್ರು ಮನೆಗೇ ಬಂದರು. ಇಂಥ ಮಡಕೆಯನ್ನು ಬೋರಲು ಹಾಕಿ ಸುಡುತ್ತಿದ್ದರಂತೆ, ಗಾಳಿ ತಾಗದ ಒಳಮೈ ಕಪ್ಪಾಗುತ್ತಿತ್ತು, ಹೊರಮೈ ಕೆಂಪಾಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಕಬ್ಬಿಣ ಯುಗದ ಜನ ಬಳಸಿದ ಮಡಕೆ ಇದೇ ಬಗೆಯದು ಎಂದರು. ಆಮೇಲೆ ಕೇಳಿದರು: ಎಷ್ಟು ಆಳದಲ್ಲಿ ಸಿಕ್ಕಿತು? ಬೂದಿ ಪದರದ ಒಳಗೋ, ಮೇಲೋ? ಜೊತೆಗೆ ಮೂಳೆ, ಮಣಿ, ಕಬ್ಬಿಣದ ತುಂಡು ಏನಾದರೂ ಇತ್ತೇ?

ಐದಡಿ ಎಂಬುದೊಂದನ್ನು ಬಿಟ್ಟರೆ ನನ್ನಲ್ಲಿ ಉತ್ತರವಿರಲಿಲ್ಲ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ, ಜಲ್ಲಿಯನ್ನು ಘನ ಅಡಿಯಲ್ಲಿ ಬರೆದಿಡುವ ಮನುಷ್ಯ ನಾನು. ಆ ಗುಂಡಿಯ ಗೋಡೆಗೆ ಟೇಪು ಹಿಡಿದು ಒಂದು ಫೋಟೊ ತೆಗೆಯಲು ಐದು ನಿಮಿಷ ಸಾಕಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಐದು ನಿಮಿಷದ ಬೆಲೆ ತಿಳಿಯಬೇಕಾದರೆ ನಮ್ಮ ಚಂದ್ರವಳ್ಳಿಯನ್ನೇ ನೋಡಬೇಕು. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅಗೆಸಿದ್ದ ಆ ಜಾಗವನ್ನು 1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಆಗಿನ ಮುಖ್ಯಸ್ಥ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅದೇ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆತ ನಡೆಯಿತು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳು ಸಿಕ್ಕಿವೆ, ರೋಮಿನ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆಯ ಜೊತೆ ಬಿದ್ದಿತ್ತು ಎಂದು ಬರೆದಿಟ್ಟಿದ್ದರಿಂದಲೇ ಆ ಮಡಕೆಗಳ ಕಾಲ ಹೇಳಲು ಆಧಾರ ಸಿಕ್ಕಿತು. ಅದೇ ನಾಣ್ಯ ಟಿಪ್ಪರ್ ಮಣ್ಣಿನಲ್ಲಿ ಸಿಕ್ಕಿದ್ದರೆ ಬೆಳ್ಳಿಯ ತೂಕವಷ್ಟೇ ಉಳಿಯುತ್ತಿತ್ತು.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ಆ ಗೆರೆ ದಾಟಿದರೆ ಕೇಳುವವರಿಲ್ಲ, ಆದರೆ ಹಳೆಯ ಊರು ನಮ್ಮ ಗೆರೆ ನೋಡಿಕೊಂಡು ಹಬ್ಬಿರಲಿಲ್ಲ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ರಾಜ್ಯದ 1962ರ ಕಾಯ್ದೆಯೂ ಇದೆ. ಕೆಲಸದ ಜಾಗದಲ್ಲಿ ಮಾತ್ರ ನಿಧಿಯೆಂದರೆ ಚಿನ್ನ ಎಂದೇ ಅರ್ಥ, ಮಡಕೆ ಚೂರಿಗೆ ಯಾರೂ ಫೋನ್ ಮಾಡುವುದಿಲ್ಲ. ಜೊತೆಗೆ ಹೆದರಿಕೆ. ಸುದ್ದಿಯಾದರೆ ಸೈಟು ಸರ್ಕಾರದ ಪಾಲು ಎನ್ನುತ್ತಾರೆ ಮಾಲೀಕರು. ರಾತ್ರಿ ನಿಧಿಗಳ್ಳರು ಬರುತ್ತಾರೆ ಎನ್ನುತ್ತಾನೆ ಕಾವಲಿನವನು, ನಮ್ಮ ಕಡೆ ಅದು ಸುಳ್ಳೂ ಅಲ್ಲ. ಎಲ್ಲರೂ ಸೇರಿ ಮಣ್ಣು ಮುಚ್ಚುತ್ತೇವೆ.

ಇಂಗ್ಲೆಂಡಿನಲ್ಲಿ 1990ರಲ್ಲಿ ಬಂದ ಮಾರ್ಗಸೂಚಿಯ ನಂತರ, ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಪುರಾತತ್ವದ ಷರತ್ತು ಹಾಕುತ್ತಾರೆ, ಖರ್ಚು ಕಟ್ಟಿಸುವವರದು. ಅಗೆಯುವ ಹೊತ್ತಿಗೆ ತರಬೇತಾದ ಒಬ್ಬರು ಯಂತ್ರದ ಪಕ್ಕದಲ್ಲೇ ನಿಂತಿರುತ್ತಾರೆ. ಹಲ್ಲಿಲ್ಲದ ಬಕೆಟ್ಟಿನಿಂದ ಮಣ್ಣನ್ನು ತೆಳ್ಳಗೆ ಸವರಿ ತೆಗೆಸುತ್ತಾರೆ. ಬಣ್ಣ ಬದಲಾದ ಕಡೆ ಕೈ ಎತ್ತಿ ನಿಲ್ಲಿಸಿ ಅಳತೆ, ಚಿತ್ರ, ಫೋಟೊ ಮಾಡಿಕೊಂಡು ಬಿಡುತ್ತಾರೆ. ಎಷ್ಟೋ ದಿನ ಏನೂ ಸಿಗುವುದಿಲ್ಲ, ಏನೂ ಇರಲಿಲ್ಲ ಎಂಬುದನ್ನೂ ಬರೆದಿಡುತ್ತಾರೆ.

ನಮ್ಮಲ್ಲಿ ಇದು ಆಗದ ಕೆಲಸವೇನಲ್ಲ. ಕೋಟೆ ಪೇಟೆಗಳಲ್ಲಿ, ಚಂದ್ರವಳ್ಳಿಯ ಸುತ್ತ, ಬ್ರಹ್ಮಗಿರಿಯ ಆಸುಪಾಸಿನಲ್ಲಿ ಸರ್ಕಾರಿ ಕಾಮಗಾರಿಯ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಅಗೆತದ ನಿಗಾಕ್ಕೆ ಇಷ್ಟು, ಯಂತ್ರ ನಿಂತ ಹೊತ್ತಿಗೆ ಇಷ್ಟು. ಈ ಎರಡನೆಯದು ಮುಖ್ಯ. ನಿಂತ ಗಂಟೆಯ ದುಡ್ಡು ತನ್ನ ಕೈಯಿಂದ ಹೋಗುವುದಿಲ್ಲ ಎಂದು ಗೊತ್ತಾದರೆ ನನ್ನಂಥವನು ‘ನಡಿ’ ಎನ್ನುವುದಿಲ್ಲ. ಒಳಚರಂಡಿಗೆ, ಕುಡಿಯುವ ನೀರಿನ ಪೈಪಿಗೆ ಬೀದಿಯುದ್ದ ಕಾಲುವೆ ತೋಡುತ್ತಾರಲ್ಲ, ಅದರ ಗೋಡೆಯಲ್ಲಿ ಊರಿನ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಪುರಾತತ್ವ ಓದಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರನ್ನು ಪೈಪು ಇಳಿಸುವ ಮುನ್ನ ಅಲ್ಲಿ ನಿಲ್ಲಿಸಿದರೆ ಸಾಕು. ಭದ್ರಾ ಮೇಲ್ದಂಡೆಯ ಕಾಲುವೆಗಳಿಗೂ ತುಮಕೂರು–ದಾವಣಗೆರೆ ರೈಲು ಮಾರ್ಗಕ್ಕೂ ಇದೇ ಮಾತು.

ಖಾಸಗಿ ಮನೆಗಳಿಗೆ ನಗರಸಭೆ ಪರವಾನಗಿ ಪತ್ರದ ಜೊತೆ ಒಂದು ಹಾಳೆ ಕೊಡಲಿ. ಮಡಕೆ, ಮೂಳೆ, ಕಲ್ಲುಗೋರಿ ಕಂಡರೆ ಏನು ಮಾಡಬೇಕು, ಸೈಟು ಕೈಬಿಟ್ಟು ಹೋಗುತ್ತದೆಯೇ ಇಲ್ಲವೇ ಎಂದು ಸರಳ ಕನ್ನಡದಲ್ಲಿ ಬರೆದಿರಲಿ.

ಆ ಚೂರು ಈಗ ಮೇಷ್ಟ್ರ ಕೈಯಲ್ಲಿದೆ, ಇಲ್ಲಿನ ವಸ್ತುಸಂಗ್ರಹಾಲಯಕ್ಕೆ ತಲುಪಿಸುತ್ತಾರೆ. ಬರುವ ತಿಂಗಳು ಅದೇ ರಸ್ತೆಯಲ್ಲಿ ನನಗೆ ಇನ್ನೊಂದು ಪಾಯದ ಕೆಲಸವಿದೆ. ಟೇಪು, ನೋಟ್‌ಬುಕ್ಕು ಜೊತೆಗಿರುತ್ತವೆ, ಮಾಲೀಕರನ್ನೂ ಒಪ್ಪಿಸಿದ್ದೇನೆ. ಬೂದಿ ಪದರ ಕಂಡ ಕೂಡಲೇ ಯಾರಿಗೆ ಫೋನ್ ಮಾಡಬೇಕೆಂದು ಜಿಲ್ಲಾಡಳಿತ ಅಷ್ಟರೊಳಗೆ ನಿಮ್ಮ ಪತ್ರಿಕೆಯಲ್ಲೇ ಒಂದು ನಂಬರ್ ಪ್ರಕಟಿಸಲಿ.

— ಒಬ್ಬ ಸೈಟ್ ಸೂಪರ್‌ವೈಸರ್, ಚಿತ್ರದುರ್ಗ