ಮನೆ ಕಟ್ಟುವವರು, ಮಹಡಿ ಏರಿಸುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮಗಳೂರಿನ ಕಲ್ಯಾಣನಗರದ ರಸ್ತೆಯಲ್ಲಿ ಹಳೇ ಹೆಂಚಿನ ಮನೆಗಳೆಲ್ಲ ಒಂದೊಂದಾಗಿ ಮೂರು ಮಹಡಿ ಆಗುತ್ತಿವೆ. ತಪ್ಪೇನಲ್ಲ. ಊರಾಚೆ ಗದ್ದೆ, ತೋಟ ಒಡೆದು ಲೇಔಟ್ ಮಾಡುವುದಕ್ಕಿಂತ ಇರೋ ಜಾಗದಲ್ಲೇ ನಾಲ್ಕು ಮನೆ ಜಾಸ್ತಿ ಆಗುವುದು ಎಷ್ಟೋ ವಾಸಿ. ಅಂಗಡಿ, ಶಾಲೆಗೆ ನಡೆದೇ ಹೋಗಬಹುದು.

ತೊಂದರೆ ಇರುವುದು ನೀರಿನದ್ದು. ತಾರಸಿ ನೀರಿನ ಪೈಪನ್ನು ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಸೇರಿಸಬೇಡಿ. ಅದು ಬಚ್ಚಲು, ಕಕ್ಕಸು ನೀರಿಗೆ ಮಾತ್ರ. ಜೋರು ಮಳೆಯಲ್ಲಿ ಎಲ್ಲರ ಮನೆ ನೀರೂ ಅದಕ್ಕೇ ನುಗ್ಗಿದರೆ ತಗ್ಗಿನಲ್ಲಿರುವವರ ಬಚ್ಚಲಲ್ಲಿ ಗಲೀಜು ಉಕ್ಕುತ್ತದೆ. ಮೇಸ್ತ್ರಿ 'ಇದೇ ಸುಲಭ ಸಾರ್' ಅಂದೇ ಅನ್ನುತ್ತಾರೆ, ಒಪ್ಪಬೇಡಿ.

30x40 ಅಡಿ ಸೈಟಿನ ತಾರಸಿ 1,000 ಚದರಡಿ ಅಂದುಕೊಳ್ಳಿ. 10 ಮಿಲಿಮೀಟರ್ ಮಳೆ ಬಂದರೆ ಸುಮಾರು 900 ಲೀಟರ್ ಬೀಳುತ್ತದೆ. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಜಾಲರಿ ಹಾಕಿ ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ತಿರುಗಿಸಿದರೆ ಬಟ್ಟೆಗೆ, ಗಿಡಕ್ಕೆ ಆಯ್ತು. ಚಿಕ್ಕಮಗಳೂರಲ್ಲಿದ್ದುಕೊಂಡು ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುವುದು ಚೆನ್ನಾಗಿರಲ್ಲ, ಅಲ್ವಾ?

ಇನ್ನೊಂದು. ಮನೆ ಸುತ್ತ ಬಿಟ್ಟ ಜಾಗಕ್ಕೆಲ್ಲ ಕಾಂಕ್ರೀಟ್ ಸುರಿಯಬೇಡಿ, ಸ್ವಲ್ಪ ಮಣ್ಣು ಇರಲಿ. ಜಲ್ಲಿ, ಎಂ-ಸ್ಯಾಂಡ್ ಚರಂಡಿ ಪಕ್ಕ ಇಳಿಸಬೇಡಿ. ಪಾರ್ಕಿಂಗ್ ವಿಷಯ ಈಗ ಬೇಡ, ಶುರು ಮಾಡಿದರೆ ಜಗಳವೇ.

ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿನಲ್ಲಿ ಸೇರೋಣ. ಪ್ಲಾನ್ ಹಾಕಿಸುತ್ತಿರುವವರು ನಕ್ಷೆ ತನ್ನಿ. ಬರುವವರು ಇಲ್ಲೇ ಗ್ರೂಪಿನಲ್ಲಿ ಹೆಬ್ಬೆಟ್ಟು (👍) ಒತ್ತಿ. ಗುಡ್ ಮಾರ್ನಿಂಗ್ ಚಿತ್ರಗಳು ಇವತ್ತೊಂದು ದಿನ ಬೇಡ, ಈ ಮೆಸೇಜ್ ಮೇಲೆ ಹೋಗಿಬಿಡುತ್ತದೆ.