ನೆರಳಿನ ಅಂಗಳಕ್ಕೆ ಕಾಡು ಅರಿಶಿನ

ಮಾನ್ಯ ಸಂಪಾದಕರೇ,

ಹೊಂಗೆ, ಮಾವಿನ ಮರದಡಿ ಏನೂ ಬರುವುದಿಲ್ಲವೆಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಂಗಳಕ್ಕೆ ಸಿಮೆಂಟು ಬಳಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಅಂಥ ಜಾಗಕ್ಕೇ ಹೇಳಿ ಮಾಡಿಸಿದ ಗಿಡ ನಮ್ಮ ಘಟ್ಟದ ಕಾಡು ಅರಿಶಿನ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕರ್ಕ್ಯುಮಾ ಸ್ಯೂಡೋಮೊಂಟಾನಾ. ಮಳೆಗಾಲದಲ್ಲಿ ಇದರ ಹೂಗೊಂಚಲನ್ನು ಬಗ್ಗಿ ನೋಡಬೇಕು: ಹಸಿರು ದೊನ್ನೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ, ಆ ದೊನ್ನೆಗಳಿಂದ ಇಣುಕುವ ಹಳದಿ ಹೂ, ನೆತ್ತಿಯಲ್ಲಿ ಗುಲಾಬಿ ಕುಚ್ಚು.

ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ ಗೆಡ್ಡೆ ನೆಡಬೇಕು. ತುಂಡೊಂದಕ್ಕೆ ಎರಡು ಕಣ್ಣಾದರೂ ಇರಲಿ. ಕತ್ತರಿಸಿದ ಕಡೆ ಬೂದಿ ಸವರಿ, ಎರಡು ದಿನ ನೆರಳಲ್ಲಿ ಆರಲು ಬಿಡಿ. ಮರದ ಬುಡದಿಂದ ಮೂರಡಿ ಆಚೆ, ಎರಡು ಇಂಚು ಆಳ, ಗಿಡದಿಂದ ಗಿಡಕ್ಕೆ ಒಂದಡಿ ಸಾಕು. ನಮ್ಮ ಕೆಮ್ಮಣ್ಣು ಮಳೆ ಬಿದ್ದರೆ ಅಂಟಾಗುತ್ತದೆ. ಅದಕ್ಕೇ ಎರಡು ಪಾಲು ಮಣ್ಣಿಗೆ ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು, ಗುಣಿಗೊಂದು ಹಿಡಿ ಬೇವಿನ ಹಿಂಡಿ ಬೆರೆಸಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ತೊಳೆದು ಹಾಕಿ, ದೂಳು ಉಳಿದರೆ ಮಣ್ಣು ಗಟ್ಟಿಯಾಗುತ್ತದೆ. ಎಲೆಗಳ ಸಂದಿಯಿಂದ ಬೀಳುವ ಬಿಸಿಲು ಬೇಕೇ ಬೇಕು. ಎರಡು ಕಾಂಪೌಂಡಿನ ನಡುವಿನ ಕತ್ತಲ ಓಣಿಯಲ್ಲಿ ಬರೀ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಹೆಚ್ಚಿನವರು ಎಡವುವುದು ನವೆಂಬರ್-ಡಿಸೆಂಬರಿನಲ್ಲಿ. ಎಲೆ ಹಳದಿಯಾಗಿ ಒರಗಿತೆಂದರೆ ಗಿಡ ಸಾಯುತ್ತಿದೆಯೆಂದು ಗಾಬರಿಯಾಗಿ ದಿನಾ ನೀರು ಹೊಯ್ಯುತ್ತಾರೆ. ಅದು ಸಾವಲ್ಲ, ನಿದ್ದೆ. ಎಲೆಯೇ ಇಲ್ಲದ ಗೆಡ್ಡೆಗೆ ನೀರು ಬೇಕಿಲ್ಲ. ತೇವದಲ್ಲಿ ಅದು ಕೊಳೆಯುತ್ತದೆ. ಉಗುರಲ್ಲಿ ಒತ್ತಿ ನೋಡಿ: ಒಳ್ಳೆಯದು ಗಟ್ಟಿಯಾಗಿದ್ದು ಘಮ್ಮೆನ್ನುತ್ತದೆ, ಕೊಳೆತದ್ದು ಮೆತ್ತಗಾಗಿ ನೀರು ಬಿಟ್ಟು ನಾರುತ್ತದೆ. ಕೊಳೆತದ್ದನ್ನು ಸುತ್ತಲ ಮಣ್ಣಿನ ಸಮೇತ ತೆಗೆದುಹಾಕಿ. ಡಿಸೆಂಬರಿನಿಂದ ನೀರು ನಿಲ್ಲಿಸಿ, ಮೇಲೆ ನಾಲ್ಕು ಬೆರಳು ತರಗೆಲೆ ಹೊದಿಸಿ, ಅಗೆಯುವವರಿಗೆ ಗೊತ್ತಾಗಲೆಂದು ಒಂದು ಕಡ್ಡಿ ನೆಟ್ಟಿರಿ. ಮಳೆಗಾಲದಲ್ಲಿ ಬರೀ ನಡುವಿನ ಸುಳಿ ಒಣಗಿ, ಕಾಂಡದ ತೂತಿನಿಂದ ಹಿಕ್ಕೆ ಉದುರುತ್ತಿದ್ದರೆ ಅದು ಕಾಂಡಕೊರಕ ಹುಳು; ಆ ಕಾಂಡವನ್ನು ಬುಡಕ್ಕೆ ಕತ್ತರಿಸಿ ನಾಶಮಾಡಬೇಕು.

ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು ಇದನ್ನು ಸಸಿಮಡಿಯಲ್ಲೇ ಹೆಚ್ಚಿಸಿ, ನೆಡುವ ಕಾಲವಾದ ಏಪ್ರಿಲ್‌ನಲ್ಲಿ ಗೆಡ್ಡೆಯಾಗಿಯೇ ಮಾರಲಿ ಎಂದು ಕೋರುತ್ತೇವೆ. ಲಾಲ್‌ಬಾಗಿನ ಆಗಸ್ಟ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ನೆಡುವ ಕಾಲ ಮುಗಿದಿರುತ್ತದೆ. ಓದುಗರಲ್ಲೂ ಒಂದು ಬೇಡಿಕೆ: ಕಾಡಿನಿಂದ ಕಿತ್ತು ತಂದ ಗೆಡ್ಡೆಯನ್ನು ದಯವಿಟ್ಟು ಕೊಳ್ಳಬೇಡಿ.

– ಕೈತೋಟದ ಗೆಳೆಯರು, ಬಸವನಗುಡಿ, ಬೆಂಗಳೂರು