ಬೇಡ ಅಂದಾಗಲೂ ಜೊತೆಗಿದ್ದವರಿಗೆ

ನಿನ್ನೆ ಸಂಜೆ ನಮ್ಮ ಡೈವ್ ಅಂಗಡಿಯ ಕಂಪ್ರೆಸರ್, ಅಂದರೆ ನೀರೊಳಗೆ ಇಳಿಯುವವರ ಸಿಲಿಂಡರಿಗೆ ಉಸಿರಾಡುವ ಗಾಳಿ ತುಂಬುವ ಯಂತ್ರ, ಮತ್ತೆ ಶುರುವಾಯಿತು. ಆರು ವಾರ ಸುಮ್ಮನಿದ್ದ ಕೋಣೆಯಿಂದ ಆ ಸದ್ದು ಕೇಳಿ ಹುಡುಗರೆಲ್ಲ ಓಡಿ ಬಂದರು. ಮೊದಲ ಸಿಲಿಂಡರಿನ ಗೇಜ್ ಮುಳ್ಳು 200 ಬಾರ್ (ಒತ್ತಡದ ಅಳತೆ) ಮುಟ್ಟುವವರೆಗೆ ಯಾರೂ ಮಾತಾಡಲಿಲ್ಲ. ನನಗಂತೂ ಕಣ್ಣು ತುಂಬಿ ಬಂತು. ಧನ್ಯವಾದ ಹೇಳಬೇಕಾದವರು ತುಂಬಾ ಜನ ಇದ್ದೀರಿ, ಅದಕ್ಕೇ ಇವತ್ತು ಬರೆಯಲು ಕೂತೆ.

ನಡೆದದ್ದು ನಿಮ್ಮಲ್ಲಿ ಕೆಲವರಿಗೆ ಅರ್ಧ ಮಾತ್ರ ಗೊತ್ತು. ಸೀಸನ್ ಆಗ ತಾನೇ ಶುರುವಾಗಿತ್ತು. ಬೆಳಿಗ್ಗೆ ಸಿಲಿಂಡರ್‌ಗಳನ್ನು ಬೋಟಿಗೆ ಏರಿಸುವ ಮುಂಚೆ, ದಿನದ ಹಾಗೆ ಒಂದರ ವಾಲ್ವ್ ಸ್ವಲ್ಪ ತಿರುಗಿಸಿ ಬಿಳಿ ಬಟ್ಟೆಯ ಮೇಲೆ ಗಾಳಿ ಬಿಟ್ಟೆ. ಬಟ್ಟೆಯ ಮೇಲೆ ಸಣ್ಣ ಹಳದಿ ಕಲೆ ಮೂಡಿತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಎಣ್ಣೆಯ ವಾಸನೆ. ಇನ್ನೊಂದು ಸಿಲಿಂಡರ್ ತೆರೆದೆ. ಅದೂ ಹಾಗೇ. ಮೂರನೆಯದೂ ಹಾಗೇ. ಹೊರಗೆ ಹನ್ನೊಂದು ಜನ ವೆಟ್‌ಸೂಟ್ (ಡೈವಿಂಗ್ ಉಡುಪು) ಹಾಕಿಕೊಂಡು ಕಾಯುತ್ತಿದ್ದರು.

ಕಂಪ್ರೆಸರ್ ಒಳಗೆ ಎಣ್ಣೆ ಕಾದು ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಹುಟ್ಟಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಎಣ್ಣೆಯ ವಾಸನೆ ಬಂದದ್ದೇ ನಮ್ಮ ಪುಣ್ಯ. ದಡದ ಮೇಲೆ ಅಂಥ ಗಾಳಿ ಸ್ವಲ್ಪ ಒಳಗೆ ಹೋದರೆ ಬರೀ ತಲೆನೋವಿನಲ್ಲಿ ಮುಗಿಯಬಹುದು. ನೀರೊಳಗಿನ ಲೆಕ್ಕ ಬೇರೆ. ಪ್ರತಿ 10 ಮೀಟರ್ ಇಳಿದ ಹಾಗೆ ಒತ್ತಡ ಸುಮಾರು 1 ಬಾರ್ ಏರುತ್ತದೆ. 30 ಮೀಟರ್ ಆಳದಲ್ಲಿ ಅದು ಮೇಲಿದ್ದದ್ದರ ನಾಲ್ಕು ಪಟ್ಟು. ಗಾಳಿಯಲ್ಲಿ ಬೆರೆತ ವಿಷದ ಒತ್ತಡವೂ ಅಷ್ಟೇ ಪಟ್ಟು ಏರುತ್ತದೆ. ಅಲ್ಲಿ ಒಬ್ಬರಿಗೆ ತಲೆಸುತ್ತು ಬಂದರೆ ಕೂತು ಸುಧಾರಿಸಿಕೊಳ್ಳಲು ಜಾಗ ಇಲ್ಲ.

ಹೊರಗೆ ಬಂದು, "ಇವತ್ತು ಯಾರೂ ಇಳಿಯೋದು ಬೇಡ, ನಾಳೆಯ ಮಾತೂ ಕೊಡೋಕಾಗಲ್ಲ" ಅಂದೆ. ಆಮೇಲೆ ಬಟ್ಟೆ ತೋರಿಸಿದೆ. ಅವರಲ್ಲಿ ಒಬ್ಬಳು ಈ ಒಂದು ದಿನಕ್ಕಾಗಿ ತಿಂಗಳುಗಟ್ಟಲೆ ರಜೆ ಕೂಡಿಟ್ಟಿದ್ದ ಹುಡುಗಿ. ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದಳು. ಮುಖ ಸಪ್ಪಗಾಯಿತು. ಆದರೂ ವೆಟ್‌ಸೂಟ್‌ನ ಜಿಪ್ ಎಳೆಯುತ್ತಾ, "ನೀವು ಬೇಡ ಅಂದ್ರೆ ಬೇಡ, ಮೇಡಂ" ಅಂದಳು. ಮಿಕ್ಕವರೂ ಒಬ್ಬೊಬ್ಬರಾಗಿ ಬಿಚ್ಚತೊಡಗಿದರು. ಈ ಅಂಗಡಿ ನಡೆಸುತ್ತಿರುವ ಹತ್ತು ವರ್ಷದಲ್ಲಿ ಅಷ್ಟು ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಕಂಪ್ರೆಸರ್ ಬಿಚ್ಚಿ ನೋಡಿದರೆ ಪಿಸ್ಟನ್ ರಿಂಗ್ ಸವೆದು ಎಣ್ಣೆ ಮೇಲೇರುತ್ತಿತ್ತು. ಫಿಲ್ಟರಿನ ಇದ್ದಿಲು ಅವಧಿಗೆ ಮೊದಲೇ ಎಣ್ಣೆ ಕುಡಿದು ಕೆಲಸ ನಿಲ್ಲಿಸಿತ್ತು. ಹೊಸ ರಿಂಗ್ ತರಿಸಿದರೆ ಮೊದಲ ಸಲ ಬೇರೆ ಅಳತೆಯದು ಬಂತು. ಅಲ್ಲೇ ಎರಡು ವಾರ ಹೋಯಿತು. ಅನುಮಾನ ಇದ್ದ ಸಿಲಿಂಡರ್‌ಗಳನ್ನೆಲ್ಲ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ತೊಳೆದು ಒಣಗಿಸಿ, ಒಳಗೆ ಬೆಳಕು ಬಿಟ್ಟು ನೋಡಿದೆವು. ಸಣ್ಣ ಅಂಗಡಿ ಅಂದರೆ ಇರುವುದು ಒಂದೇ ಕಂಪ್ರೆಸರ್. ಅದು ಕೂತರೆ ಡೈವಿಂಗೂ ಇಲ್ಲ, ತರಗತಿಯೂ ಇಲ್ಲ. ಬಾಡಿಗೆ, ವಿಮೆ, ಬೋಟಿನ ಖರ್ಚು ಮಾತ್ರ ನಿಲ್ಲುವುದಿಲ್ಲ.

ಆಗ ಕೈ ಹಿಡಿದದ್ದು ನೀವು. "ಈ ವರ್ಷದ ಸರ್ವಿಸ್ ಈಗಲೇ ಮಾಡಿಬಿಡಿ" ಅಂತ ಹಳಬರು ಒಬ್ಬರ ಹಿಂದೆ ಒಬ್ಬರು ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಡುವಷ್ಟು ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನ) ಹೊತ್ತು ತಂದಿರಿ. ಹಲವರಿಗೆ ಸರ್ವಿಸ್ ದಿನ ಇನ್ನೂ ದೂರ ಇತ್ತು, ಅದು ನನಗೂ ಗೊತ್ತು. ಮೇಜಿನ ತುಂಬಾ ಓ-ರಿಂಗ್, ಸ್ಪ್ರಿಂಗ್, ಡಯಾಫ್ರಾಮ್ ಹರಡಿಕೊಂಡು ಇಪ್ಪತ್ತಮೂರು ರೆಗ್ಯುಲೇಟರ್ ಬಿಚ್ಚಿ ಜೋಡಿಸಿದ್ದೇನೆ. ಆ ತಿಂಗಳ ಬಾಡಿಗೆ ಅದರಿಂದಲೇ ಹೋಯಿತು.

ಮಾಸ್ಕ್ ಕೊಳ್ಳಲು ಬಂದವರನ್ನೂ ನೆನೆಯುತ್ತೇನೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಅದು ಬೀಳದೆ ನಿಂತರೆ ಸರಿಯಾದ ಅಳತೆ. ಹಾಗೆ ಹತ್ತಾರು ತೆಗೆದು ತೋರಿಸುವ ಹೊತ್ತಿಗೆ ಗಂಟೆ ಆಗುತ್ತದೆ. ನಂತರ ಅದೇ ಮಾಸ್ಕನ್ನು ಆನ್‌ಲೈನ್‌ನಲ್ಲಿ ಕಡಿಮೆಗೆ ತರಿಸುವವರು ಜಾಸ್ತಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಹಣ ಎಲ್ಲರಿಗೂ ಬೇಕು ಅಲ್ವಾ. ಆದರೆ ಕಷ್ಟಕಾಲದಲ್ಲಿ ಇಲ್ಲೇ ಕೊಂಡವರ ಋಣ ದೊಡ್ಡದು.

ಪಕ್ಕದ ಡೈವ್ ಅಂಗಡಿಯವರಿಗೆ ಏನು ಹೇಳಲಿ? ಒಂದೇ ಗಿರಾಕಿಗಾಗಿ ಪೈಪೋಟಿ ಮಾಡುವವರು ನಾವು. ಆದರೂ ನಮ್ಮ ಕೊನೆಯ ಬ್ಯಾಚಿನ ತರಬೇತಿ ನಿಲ್ಲಬಾರದು ಅಂತ, ತಮ್ಮ ಕೆಲಸ ಮುಗಿದ ಮೇಲೆ ರಾತ್ರಿ ಹತ್ತರವರೆಗೂ ನಮ್ಮ ಸಿಲಿಂಡರ್ ತುಂಬಿ ಕೊಟ್ಟರು. ಮೆಕ್ಯಾನಿಕ್ ಅಣ್ಣನಂತೂ ಗಾಳಿಯ ಪರೀಕ್ಷೆಯ ವರದಿ ಬರುವವರೆಗೆ ಒಂದು ಸಿಲಿಂಡರನ್ನೂ ತುಂಬಲು ಬಿಡಲಿಲ್ಲ. ನಾನು ಅವಸರ ಮಾಡಿದಾಗ ನನ್ನನ್ನೇ ಗದರಿದರು. ಅಣ್ಣ, ಆ ಗದರಿಕೆಗೂ ಧನ್ಯವಾದ. ನಮ್ಮ ಇಬ್ಬರು ತರಬೇತುದಾರರು "ಸಂಬಳ ಆಮೇಲೆ ನೋಡೋಣ, ಅಕ್ಕ" ಅಂದವರು, ಆಮೇಲೂ ಒಮ್ಮೆಯೂ ಕೇಳಲಿಲ್ಲ. ಈ ವಾರ ಪೂರ್ತಿ ಕೊಡುತ್ತಿದ್ದೇನೆ.

ಆ ದಿನ ವಾಪಸ್ ಹೋದ ಹನ್ನೊಂದು ಜನರಿಗೆ: ಬೋಟಿನಲ್ಲಿ ಮೊದಲ ಜಾಗ ನಿಮ್ಮದು. ನಿಮಗೆ ಯಾವ ದಿನ ಆಗುತ್ತದೋ ಒಂದು ಫೋನ್ ಮಾಡಿ ಹೇಳಿ. ಸಿಲಿಂಡರ್ ತುಂಬಿ ಇಟ್ಟಿರುತ್ತೇನೆ. ನೀವೇ ವಾಲ್ವ್ ತಿರುಗಿಸಿ ಬಟ್ಟೆ ಹಿಡಿದು ನೋಡಿ, ಆಮೇಲೆ ಇಳಿಯೋಣ.